ಅಳತೆ ಅಕ್ಕ ಬಿಚ್ಚೆಂದ ಗಂಟು

ಶ್ರಾವಣದ ಮೊದಲನೇ ಶನಿವಾರಕ್ಕೆ ಮುಂಚೆ ದೇವರ ಗೂಡನ್ನು ಪೂರ್ತಿ ಖಾಲಿ ಮಾಡಿ ತೊಳೆಯುವುದು ನಮ್ಮ ಮನೆಯ ರೂಢಿ. ಈ ಸಲವೂ ಪಟಗಳನ್ನೆಲ್ಲ ಇಳಿಸಿ, ಒಣಗಿದ ತುಳಸಿ, ಸುಟ್ಟ ಬತ್ತಿ, ಹಳೆಯ ಕುಂಕುಮದ ಪೊಟ್ಟಣಗಳನ್ನು ಗುಡಿಸುತ್ತಿದ್ದೆ. ಆಂಜನೇಯನ ಪಟದ ಹಿಂದಿನಿಂದ ನಿಂಬೆಹಣ್ಣಿನಷ್ಟು ದಪ್ಪದ ಹಳದಿ ಬಟ್ಟೆಯ ಗಂಟೊಂದು ಉರುಳಿ ಬಂತು. ಎತ್ತಿ ಮೂಗಿನ ಹತ್ತಿರ ಹಿಡಿದೆ. ಅರಿಶಿನದ ವಾಸನೆ ಯಾವಾಗಲೋ ಹೋಗಿಬಿಟ್ಟಿತ್ತು. ಅದರಡಿಯಲ್ಲಿದ್ದ ಇನ್ನೊಂದು ವಾಸನೆ ಮಾತ್ರ ಹಾಗೇ ಇತ್ತು. ಕಾರ್ಖಾನೆ ಎಣ್ಣೆಯ ವಾಸನೆ, ಸ್ವಲ್ಪ ಕಮಟು, ಸ್ವಲ್ಪ ಸೀಮೆಎಣ್ಣೆಯ ಹಾಗೆ...

ಅದು ಅಳತೆ ಅಕ್ಕನ ವಾಸನೆ. ನೆಲದ ಮೇಲೆ ಹಾಗೇ ಕುಳಿತುಬಿಟ್ಟೆ.

ಅವರು ನಮ್ಮ ಎದುರು ಮನೆಯಲ್ಲಿದ್ದರು. ಗಡಿ ಊರಾದ ಮೂಕಂಡಪಲ್ಲಿಯ ಈ ಬೀದಿಯಲ್ಲಿ ಎಲ್ಲರೂ ಕಾರ್ಖಾನೆಯವರೇ. ಸೈರನ್ನಿಗೆ ಏಳುವವರು, ಸೈರನ್ನಿಗೆ ಉಣ್ಣುವವರು. ಅವರಲ್ಲಿ ಒಬ್ಬರೇ ಮನೆ ಮಾಡಿಕೊಂಡು, ಗಂಡಸರ ಹಾಗೆ ದಪ್ಪ ಬೂಟು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ ಹೆಂಗಸೆಂದರೆ ಅವರು. ಜವಳಗಿರಿ ಕಡೆಯ ರಾಗಿ ಬೆಳೆಯುವ ಮನೆತನ. ಯಜಮಾನರು ಸಣ್ಣ ವಯಸ್ಸಿಗೇ ತೀರಿಕೊಂಡಿದ್ದರು. ಓದಿದ್ದು ತಮಿಳಿನಲ್ಲಿ, ಆಡುತ್ತಿದ್ದದ್ದು ಕನ್ನಡ, ತರಕಾರಿಯವನ ಹತ್ತಿರ ಮಾತ್ರ ತೆಲುಗು. ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಯೂನಿಟ್ಟಿನಲ್ಲಿ ಅವರದು ಅಳತೆ ನೋಡುವ ಕೆಲಸ. ಮೆಷೀನಿನಲ್ಲಿ ಕಡೆದು ತಂದಿಟ್ಟ ಒಂದೊಂದು ಸಾಮಾನನ್ನೂ ಅಳೆದು, ಸರಿಯಿದ್ದರೆ ಕಾಗದಕ್ಕೆ ಸೈನು ಹಾಕಬೇಕು. ಅವರ ಸೈನು ಇಲ್ಲದೆ ಒಂದು ಮೊಳೆಯೂ ಗೇಟು ದಾಟುವಂತಿರಲಿಲ್ಲ.

ಆ ಅಭ್ಯಾಸ ಮನೆಗೂ ಬಂದಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಟವರು ನನ್ನ ರಂಗೋಲಿಯ ಮುಂದೆ ನಿಂತು, "ಮೂರನೇ ಸಾಲಲ್ಲಿ ಒಂದು ಚುಕ್ಕಿ ಒಳಕ್ಕೆ ಹೋಗ್ಬುಟ್ಟೈತೆ ಕಣಮ್ಮ" ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಮಕ್ಕಳ ಸ್ಕೇಲು ತಂದು ಅಳೆದೇಬಿಟ್ಟೆ. ಒಳಕ್ಕೇ ಹೋಗಿತ್ತು. ಈ ಅಮ್ಮ ಬಂದರೆ ನನ್ನ ತಕ್ಕಡಿಗೇ ಜ್ವರ ಬರುತ್ತದೆ ಎಂದು ತರಕಾರಿಯವನು ಗೊಣಗುತ್ತಿದ್ದ. ಅಳತೆ ಅಕ್ಕ ಎಂಬ ಹೆಸರನ್ನು ಮೊದಲು ಯಾರು ಇಟ್ಟರೋ ತಿಳಿಯದು. ಅವರೂ ಅದಕ್ಕೆ ಓಗೊಡುತ್ತಿದ್ದರು.

ದೇವರ ವಿಷಯದಲ್ಲಿ ಅವರಿಗೆ ಕೋಪವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ನಾನು ಪ್ರಸಾದ ಕೊಟ್ಟರೆ ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದರು, ಅಷ್ಟೆ. ಆದ್ದರಿಂದಲೇ ಅವರು ಒಂದು ಸೋಮವಾರ ಬೆಳಿಗ್ಗೆ ನಮ್ಮ ಹೊಸಿಲ ಹತ್ತಿರ ನಿಂತು ಆಡಿದ ಮಾತು ಕೇಳಿ ನನಗೆ ಆಶ್ಚರ್ಯವಾಗಿತ್ತು. ಅದು ಆರೇಳು ವರ್ಷದ ಹಿಂದಿನ ಮಾತು.

"ನಿನ್ನ ಹನುಮಂತಂಗೆ ಒಂದು ಮಾತು ಹೇಳಮ್ಮ. ಗುರುವಾರ ನಂದೊಂದು ಸಾಮಾನು ಮೇಲಕ್ಕೋಯ್ತದೆ."

"ಮೇಲಕ್ಕೆ ಅಂದ್ರೆ?"

ಅವರು ಆಕಾಶಕ್ಕೆ ಬೆರಳು ತೋರಿಸಿದರು. ಅಲ್ಲಿ ಒಂದು ಕಾಗೆ ಹೋಗುತ್ತಿತ್ತು.

"ಏನು ಸಾಮಾನಕ್ಕ ಅದು?"

"ಕೊಕ್ಕೆ. ವಿಮಾನದ ಹೊಟ್ಟೆ ಕೆಳಗಿರೋ ಕೊಕ್ಕೆ. ಅದಕ್ಕೆ ಒಂದು ಭಾರ ತಗುಲಾಕ್ತಾರೆ. ಇದಕ್ಕಿಂತ ಜಾಸ್ತಿ ಕೇಳ್ಬೇಡ, ಹೇಳೋ ಹಂಗಿಲ್ಲ. ಎರಡು ವರ್ಷದಿಂದ ಅದೇ ಕೆಲ್ಸ. ಕಾಗದದಲ್ಲಿ ನನ್ನ ಸೈನೈತೆ. ಕೊಕ್ಕೆ ಕೆಲ್ಸ ಕೊಕ್ಕೆ ಮಾಡ್ಲಿ ಅಂತ ಬೇಡ್ಕೊ. ಅಷ್ಟೆ."

ಹೇಳಿ, ಬ್ಯಾಗಿನಿಂದ ಒಂದು ಬಿಳಿ ಬಟ್ಟೆ ತೆಗೆದುಕೊಟ್ಟರು. ಅಳತೆಯ ಉಪಕರಣ ಒರೆಸುವ ಬಟ್ಟೆ, ಎಷ್ಟು ತೊಳೆದರೂ ಎಣ್ಣೆಯ ವಾಸನೆ ಬಿಡದಂಥದು. "ಮುಡುಪು ಕಟ್ತೀಯಲ್ಲ, ಇದ್ರಲ್ಲಿ ಕಟ್ಟು" ಅಂದರು. ಹರಕೆ ಹೊರುವಾಗ ಅರಿಶಿನದ ನೀರಿನಲ್ಲಿ ಅದ್ದಿದ ಬಟ್ಟೆಯಲ್ಲಿ ಒಂದು ನಾಣ್ಯ ಇಟ್ಟು ಗಂಟು ಹಾಕಿ ದೇವರ ಮುಂದಿಡುವುದನ್ನು ಅವರು ನಮ್ಮ ಮನೆಯಲ್ಲಿ ನೋಡಿದ್ದರು. ಕೇಳಿದ್ದು ನಡೆದ ಮೇಲೆ ಹರಕೆ ಸಲ್ಲಿಸಿ ಗಂಟು ಬಿಚ್ಚಬೇಕು. ಅಲ್ಲಿಯವರೆಗೆ ಮುಟ್ಟಬಾರದು.

ಅವರು ಹೇಳಿದ ನಾಲ್ಕು ಮಾತನ್ನು ಹಾಗೆಯೇ ದೇವರಿಗೆ ಒಪ್ಪಿಸಿದ್ದರೆ ಆಗುತ್ತಿತ್ತು. ನಾನು ಬಿಡಿಸಿ ಹೇಳಲು ಹೋದೆ. ನನಗೆ ಗೊತ್ತಿದ್ದ ಕೊಕ್ಕೆಗಳೆಂದರೆ ನಂದಾದೀಪ ತೂಗುವ ಕೊಕ್ಕೆ, ಬಾವಿಯ ಬಿಂದಿಗೆಯ ಕೊಕ್ಕೆ, ತೊಟ್ಟಿಲಿನ ಕೊಕ್ಕೆ. ಮಕ್ಕಳನ್ನು ಮಲಗಿಸುವ ಮುಂಚೆ ಆ ಕೊಕ್ಕೆಗೆ ಎರಡು ಸಲ ಜೋತು ನೋಡುತ್ತಿದ್ದವಳು ನಾನು. ಕೊಕ್ಕೆಯ ಕೆಲಸವೆಂದರೆ ಹಿಡಿದುಕೊಳ್ಳುವುದು. ಅದರಲ್ಲಿ ಕೇಳುವುದೇನಿದೆ? ಮಂಗಳವಾರ ಸ್ನಾನ ಮಾಡಿ, ಬಟ್ಟೆಯನ್ನು ಅರಿಶಿನದಲ್ಲಿ ಅದ್ದಿ, ಒಂದು ಸಾಲದೆಂದು ಮೂರು ಗಂಟು ಬಿಗಿದೆ. ಒಂದೊಂದು ಗಂಟಿಗೂ ಹೇಳಿದೆ: ಸ್ವಾಮಿ, ಬಿಗಿಯಾಗಿ ಹಿಡಿದುಕೋ. ಬಿಡಬೇಡ. ಅಕ್ಕನ ಸಾಮಾನು ಬೀಳದ ಹಾಗೆ ನೋಡಿಕೋ, ನೂರೆಂಟು ವಡೆಯ ಮಾಲೆ ಹಾಕುತ್ತೇನೆ.

ಗುರುವಾರ ಕಳೆಯಿತು. ಶುಕ್ರವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕ ಬಂದರು. ತಮ್ಮ ಮನೆಯ ಬೀಗ ತೆಗೆಯಲಿಲ್ಲ. ಬೂಟು ಬಿಚ್ಚದೆ ನಮ್ಮ ಮೆಟ್ಟಿಲ ಮೇಲೇ ಕುಳಿತರು.

"ಬೀಳ್ಲಿಲ್ಲ ಕಣಮ್ಮ" ಅಂದರು.

ನನಗೆ ಎಷ್ಟು ಸಂತೋಷವಾಯಿತೆಂದರೆ ಅವರ ಮುಖವನ್ನೂ ಸರಿಯಾಗಿ ನೋಡಲಿಲ್ಲ. "ಬೀಳ್ಲಿಲ್ವಾ! ಹನುಮಂತ ಕೈ ಬಿಡಲ್ಲ ಅಂತ ಗೊತ್ತಿತ್ತು ನಂಗೆ" ಎನ್ನುತ್ತ ಒಳಗೆ ಓಡಿ, ಸಕ್ಕರೆ ತಂದು ಅವರ ಅಂಗೈಗೆ ಹಾಕಿದೆ. ಅವರು ಸಕ್ಕರೆಯನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಸಕ್ಕರೆಯನ್ನು ನೋಡಿದರು.

"ಬೀಳ್ಬೇಕಿತ್ತು" ಅಂದರು.

ಆಮೇಲೆ ಅವರು ಹೇಳಿದ್ದು ನನಗೆ ಒಂದೇ ಸಲಕ್ಕೆ ಅರ್ಥವಾಗಲಿಲ್ಲ. ಅದೊಂದು ಅಸ್ತ್ರ, ವಿಮಾನ ಅದನ್ನು ಹೊತ್ತುಕೊಂಡು ಹೋಗಿ ಆಕಾಶದಲ್ಲಿ ಬಿಡಬೇಕು. ಬಿಟ್ಟ ಮೇಲೆ ಅದು ಸ್ವಲ್ಪ ದೂರ ಸುಮ್ಮನೆ ಬೀಳಬೇಕು. ಬಿದ್ದು ವಿಮಾನದಿಂದ ದೂರವಾದ ಮೇಲೆ ಅದರ ರೆಕ್ಕೆ ಬಿಚ್ಚಿಕೊಳ್ಳಬೇಕು, ಯಂತ್ರ ಹೊತ್ತಿಕೊಳ್ಳಬೇಕು, ಆಮೇಲೆ ಅದು ತನ್ನಷ್ಟಕ್ಕೆ ತಾನೇ ಹಾರಿಕೊಂಡು ಹೋಗಬೇಕು. ಬೀಳದೆ ಹಾರುವ ಹಾಗಿಲ್ಲ. ಈ ಸಲ ಕಟ್ಟಿದ್ದು ನಿಜವಾದದ್ದೂ ಅಲ್ಲ, ಅದೇ ತೂಕದ ಡಮ್ಮಿ. ಸರಿಯಾಗಿ ಬೀಳುತ್ತದೋ ಇಲ್ಲವೋ ನೋಡುವುದಕ್ಕೇ ಆ ಪರೀಕ್ಷೆ. ಅದೇ ಬೀಳಲಿಲ್ಲ. ಕೊಕ್ಕೆ ಬಿಡಲಿಲ್ಲ.

"ನೇತಾಡ್ಸ್ಕೊಂಡೇ ವಾಪಸ್ ಬಂದು ಇಳ್ದಿದ್ದಾರೆ ಪಾಪ. ಗಾಲಿ ನೆಲ ಮುಟ್ಟೋವಾಗ ಕಳಚ್ಕೊಂಡಿದ್ರೆ ಏನ್ಗತಿ..." ಅಂದರು. ಸಕ್ಕರೆ ಬೆವರಿಗೆ ಕರಗಿ ಅಂಗೈಗೆ ಅಂಟಿಕೊಂಡಿತ್ತು. ಅದನ್ನು ಚೆಲ್ಲಲೂ ಇಲ್ಲ, ತಿನ್ನಲೂ ಇಲ್ಲ.

ಒಳಗೆ ಬಂದು ಆಂಜನೇಯನ ಪಟದ ಮುಂದೆ ನಿಂತರೆ ತಲೆ ಗೊಜ್ಜಾಗಿತ್ತು. ಬಿಡಬೇಡ ಎಂದು ಕೇಳಿದವಳು ನಾನು. ಅವನು ಬಿಡಲಿಲ್ಲ. ಹಾಗಾದರೆ ಅಕ್ಕನ ಎರಡು ವರ್ಷದ ಕೆಲಸ ಹಾಳಾದದ್ದು ನನ್ನಿಂದಲೇ? ಆದರೆ ಗಾಲಿ ನೆಲ ಮುಟ್ಟುವಾಗಲೂ ಅದು ಕಳಚಿಕೊಳ್ಳಲಿಲ್ಲವಲ್ಲ. ಆ ವಿಮಾನದಲ್ಲಿದ್ದವರೂ ಯಾರದೋ ಮನೆಯ ಮಕ್ಕಳು. ಅವರು ಕ್ಷೇಮವಾಗಿ ಇಳಿದದ್ದೂ ಅದೇ ಪ್ರಾರ್ಥನೆಯಿಂದಲೇ? ಒಂದೇ ಗಂಟಿನಲ್ಲಿ ಕೆಟ್ಟದ್ದೂ ಒಳ್ಳೆಯದೂ ಹೇಗೆ ಕಟ್ಟಿಕೊಂಡಿರಲು ಸಾಧ್ಯ? ನಮ್ಮನೆಯವರನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ನಿನ್ನ ಮಾತು ಕೇಳ್ಕೊಂಡು ವಿಮಾನ ಓಡಿಸೋದಾದ್ರೆ ಪೈಲಟ್ಟು ಯಾಕ್ ಬೇಕು?" ಅಂದರು. ಅದು ಉತ್ತರವೆನಿಸಲಿಲ್ಲ.

ಮುಂದಿನ ವಾರ ಯೂನಿಟ್ಟಿಗೆ ಹೊರಗಿನಿಂದ ಅಧಿಕಾರಿಗಳು ಬಂದು ಕಾಗದಗಳನ್ನೆಲ್ಲ ತೆಗೆಸಿದರಂತೆ. ಕೊಕ್ಕೆಯ ಕಾಗದದ ಕೆಳಗಿದ್ದದ್ದು ಒಂದೇ ಸೈನು. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಿ ಎಂದು ಅಕ್ಕನಿಗೆ ಹೇಳಿದರು. ಬಯ್ಯಲಿಲ್ಲವಂತೆ. ಬಯ್ದಿದ್ದರೆ ಚೆನ್ನಾಗಿತ್ತು ಅಂದರು ಅಕ್ಕ.

ಆ ದಿನಗಳಲ್ಲಿ ಅವರು ಬೆಳಿಗ್ಗೆಯೇ ಜಗುಲಿಯ ಬೆಳಕಿನಲ್ಲಿ ಕುಳಿತು ತಿರುಪು ತಿರುಗಿಸಿ ದಪ್ಪ ಅಳೆಯುವ ತಮ್ಮ ಸ್ವಂತದ ಮೈಕ್ರೋಮೀಟರಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಅಳೆಯುತ್ತಿದ್ದರು. ಸೂಜಿ, ಗುಂಡುಪಿನ್ನು, ಮಾವಿನೆಲೆ, ನನ್ನ ತಲೆಗೂದಲು. ಅಳೆದು ಬರೆದಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ಅಳೆದು ಎರಡನ್ನೂ ಹೋಲಿಸುತ್ತಿದ್ದರು. ಅವರಿಗೆ ಕೆಲಸ ಹೋಗುವ ಭಯವಿರಲಿಲ್ಲ. ತಮ್ಮ ಕಣ್ಣು ತಮಗೆ ಸುಳ್ಳು ಹೇಳಿತೇ ಎಂಬ ಭಯ. "ಸರಿ ಅಂತ ಕಂಡಿದ್ದಕ್ಕೇ ಸೈನಾಕಿದ್ದು. ಕಂಡಿದ್ದೇ ತಪ್ಪಾದ್ರೆ?" ಎಂದು ಒಂದು ಸಲ ಕೇಳಿದರು. ಇಷ್ಟು ವರ್ಷ ಹಾಕಿದ ಸೈನುಗಳೆಲ್ಲ ಸಾಲಾಗಿ ನಿಂತು ಅವರನ್ನೇ ನೋಡುತ್ತಿದ್ದವೋ ಏನೋ...

ನಾನು ಅಷ್ಟರಲ್ಲಿ ಒಂದು ಹೊತ್ತಿನ ಊಟ ಬಿಟ್ಟಿದ್ದೆ. ತಪ್ಪಿಗೆ ಇನ್ನೇನು ಮಾಡಬೇಕೆಂದು ತಿಳಿಯದೆ. ಯಾರಿಗೂ ಹೇಳಿರಲಿಲ್ಲ. ಒಂದು ದಿನ ಅಕ್ಕ ನನ್ನ ಜಡೆಯಿಂದ ಉದುರಿದ ಒಂದು ಕೂದಲನ್ನು ಹಿಡಿದು ಮೈಕ್ರೋಮೀಟರಿಗೆ ಸಿಕ್ಕಿಸಿದರು. ಬೆಳಕಿಗೆ ಹಿಡಿದು ನೋಡಿದರು. ಹುಬ್ಬು ಗಂಟಿಕ್ಕಿದರು.

"ಹೋದ ತಿಂಗಳಿಗಿಂತ ತೆಳ್ಳಗಾಗೈತೆ. ಹೊಟ್ಟೆಗೆ ತಿಂತಿದ್ದೀಯಾ ಇಲ್ವಾ?"

ಇನ್ನು ಮುಚ್ಚಿಡಲಾಗಲಿಲ್ಲ. ಎಲ್ಲ ಹೇಳಿದೆ. ಮೂರು ಗಂಟು, ತೊಟ್ಟಿಲ ಕೊಕ್ಕೆ, ಬಿಡಬೇಡ ಎಂದದ್ದು, ನೂರೆಂಟು ವಡೆ. "ತಪ್ಪು ನಿಮ್ಮ ಕಣ್ಣಲ್ಲಿಲ್ಲ ಅಕ್ಕ, ನನ್ನ ಬಾಯಲ್ಲಿತ್ತು" ಅಂದೆ.

ಅಕ್ಕ ಕೂದಲನ್ನು ಮೈಕ್ರೋಮೀಟರಿನಿಂದ ಬಿಡಿಸಿ ಪಕ್ಕಕ್ಕಿಟ್ಟರು.

"ನಿನ್ನ ಹನುಮಂತಂಗೆ ಡ್ರಾಯಿಂಗ್ ಓದಕ್ಕೆ ಬರಲ್ವೇನಮ್ಮ?" ಅಂದರು ಆಮೇಲೆ. ಅಂದವರೇ ನಗತೊಡಗಿದರು. ಎಷ್ಟೋ ದಿನದಿಂದ ಕೇಳದ ನಗು. "ರಿಪೋರ್ಟಲ್ಲಿ ಕಾರಣ ಅಂತ ಒಂದು ಕಾಲಮ್ಮೈತೆ. ಎದುರುಮನೆ ಹೆಂಗ್ಸು ವಸಿ ಗಟ್ಟಿಯಾಗಿ ಬೇಡ್ಕೊಂಡ್ಬುಟ್ಳು ಅಂತ ಬರ್ದು ಸೈನಾಕ್ಲಾ?"

ನಾನು ಅಳುತ್ತಿದ್ದೆ, ಅಳುತ್ತಲೇ ನನಗೂ ನಗು ಬಂತು. ಕಣ್ಣೊರೆಸಿಕೊಂಡು ಅವರು, "ಹೋಗು, ಬಿಚ್ಚಾಕು ಅದನ್ನ" ಅಂದರು. ಆ ಮಾತನ್ನು ನಗುತ್ತ ಹೇಳಲಿಲ್ಲ.

ನಾನು ಬಿಚ್ಚಲಿಲ್ಲ.

ಹೇಗೆ ಬಿಚ್ಚಲಿ? ಕೇಳಿದ್ದು ನಡೆಯದಿದ್ದರೆ ಗಂಟು ಮುಟ್ಟುವ ಹಾಗಿಲ್ಲ. ನಡೆದರೆ ವಡೆಮಾಲೆ ಹಾಕಿ ಬಿಚ್ಚಬೇಕು. ನಾನು ಕೇಳಿದ್ದು ಅಕ್ಷರಕ್ಕೆ ಅಕ್ಷರ ನಡೆದಿತ್ತು. ಆದರೆ ಅಕ್ಕ ಮನೆಯಲ್ಲಿ ಕುಳಿತಿರುವಾಗ ದೇವರಿಗೆ ಯಾವ ಮುಖದಲ್ಲಿ ವಡೆಮಾಲೆ ಹಾಕಲಿ? ಅಕ್ಕನ ಕೆಲಸ ಕೆಟ್ಟದ್ದಕ್ಕೆ ಸಂತೋಷಪಟ್ಟ ಹಾಗಾಗುವುದಿಲ್ಲವೇ? ಹಾಕದಿದ್ದರೆ ಕೊಟ್ಟ ಮಾತು ತಪ್ಪಿದಂತೆ. ಗುಡಿಯ ಪೂಜಾರಪ್ಪನನ್ನು ಕೇಳಿದೆ. ಅವರು ಮಂಗಳಾರತಿ ತಟ್ಟೆ ಹಿಡಿದು ಬಹಳ ಹೊತ್ತು ಯೋಚಿಸಿ, "ಸದ್ಯಕ್ಕೆ ಹಂಗೇ ಇರ್ಲಿ ಬುಡಮ್ಮ" ಅಂದರು. ಹಾಗೇ ಇಟ್ಟೆ. ಪಟದ ಮುಂದಿದ್ದ ಗಂಟನ್ನು ಪಟದ ಹಿಂದಕ್ಕೆ ಸರಿಸಿದೆ.

ನಾಲ್ಕೈದು ತಿಂಗಳ ಮೇಲೆ ವಿಚಾರಣೆ ಮುಗಿಯಿತು. ತಪ್ಪು ಕೊಕ್ಕೆಯದಾಗಿರಲಿಲ್ಲ. ಬಿಡು ಎಂದು ಕೊಕ್ಕೆಗೆ ಹೇಳಬೇಕಾದ ವೈರು ಎಲ್ಲೋ ಒಂದು ಕಡೆ ಸಡಿಲವಾಗಿತ್ತಂತೆ. ಹೇಳಿದ್ದೇ ಅದಕ್ಕೆ ತಲುಪಿರಲಿಲ್ಲ. ಅಕ್ಕನ ಅಳತೆಯನ್ನು ಬೇರೆಯವರು ಮತ್ತೆ ತೆಗೆದು ನೋಡಿದರಂತೆ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವರನ್ನು ಮರಳಿ ಕರೆದರು. ಹೋಗುವ ದಿನ ಬೂಟಿಗೆ ಪಾಲಿಶ್ ಹಾಕಿಕೊಂಡು ಹೋದರು. ದೇವರ ದಯೆ ಎಂದು ಕೈ ಮುಗಿದೆ. ಹಾಗಾದರೆ ನನ್ನ ಗಂಟಿಗೂ ಅದಕ್ಕೂ ಸಂಬಂಧವಿಲ್ಲವೇ, ಅಥವಾ ಹನುಮಂತನೇ ಆ ವೈರನ್ನು ಹಿಡಿದುಕೊಂಡನೇ? ಈ ಪ್ರಶ್ನೆಯನ್ನು ಅಕ್ಕನಿಗೆ ಕೇಳಲು ಹೋಗಲಿಲ್ಲ. ಬೇರೆ ಒಂದನ್ನು ಕೇಳಿದೆ.

"ಬಿದ್ದ ಮೇಲೆ ಅದು ಎಲ್ಲಿಗೆ ಹೋಗ್ತದಕ್ಕ? ಯಾರ ಮೇಲೆ?"

ಅವರು ಬೂಟಿನ ದಾರ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು. "ನನ್ನ ಡ್ರಾಯಿಂಗು ಕೊಕ್ಕೆಗೇ ಮುಗೀತದೆ ಕಣಮ್ಮ. ಅದ್ರಾಚೆ ನಂಗೂ ಗೊತ್ತಿಲ್ಲ." ಹೇಳಿ, ದಾರವನ್ನು ಬಿಚ್ಚಿ ಮತ್ತೊಮ್ಮೆ ಕಟ್ಟಿದರು.

ಆದರೆ ಕಣ್ಣಿನ ಮೇಲೆ ಅವರಿಗೆ ಬಂದಿದ್ದ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ಕೊಕ್ಕೆಯನ್ನು ಅಳೆದಾಗ ಸರಿಯಿದ್ದ ಕಣ್ಣು ಆಮೇಲೆ ನಿಧಾನಕ್ಕೆ ಮಂಜಾಗತೊಡಗಿತು. ಕಣ್ಣಿನ ನರದ ತೊಂದರೆ, ಹೋದದ್ದು ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ಅಕ್ಕ ಯಾರೂ ಹೇಳುವ ಮೊದಲೇ ತಾವಾಗಿ ಯೂನಿಟ್ಟಿಗೆ ಹೋಗಿ, ಇನ್ನು ನನ್ನ ಸೈನು ಬೇಡ ಎಂದು ಬರೆದುಕೊಟ್ಟು ಬಂದರು. ಜವಳಗಿರಿಯ ತಮ್ಮನ ಮನೆಗೆ ಹೊರಟರು. ಸಾಮಾನು ತುಂಬಿದ ಟೆಂಪೋ ಪಕ್ಕ ನಿಂತು ನನ್ನ ರಂಗೋಲಿಯನ್ನು ಕಾಲ್ಬೆರಳಿನಿಂದ ತಡವಿ, "ಈಗ ಚುಕ್ಕಿ ಎಲ್ಲೋದ್ರೂ ನೀನು ಬಚಾವು" ಅಂದರು.

ಫೋನಿನಲ್ಲಿ ಮಾತಾಡುತ್ತಿದ್ದೆವು. ಆನೆ ಹೊಲಕ್ಕೆ ಇಳಿದರೆ ಎಷ್ಟು ಮಾರು ದೂರದಲ್ಲಿದೆಯೆಂದು ಸದ್ದಿನಲ್ಲೇ ಹೇಳುತ್ತೇನೆ, ತಮ್ಮ ಟಾರ್ಚು ಹಿಡಿದು ಹೋಗಿ ನೋಡಿ ಒಪ್ಪಿಕೊಳ್ಳುತ್ತಾನೆ ಎಂದು ಜಂಬದಿಂದ ಹೇಳುತ್ತಿದ್ದರು.

ಹೋದ ವರ್ಷ ಒಂದು ಮಧ್ಯಾಹ್ನ ಟೀವಿಯಲ್ಲಿ ತೋರಿಸಿದರು. ವಿಮಾನದ ಹೊಟ್ಟೆಯಡಿಯಲ್ಲಿ ಉದ್ದನೆಯ ಒಂದು ವಸ್ತು. ಅದು ಕಳಚಿಕೊಂಡಿತು. ಬಿತ್ತು. ಕಲ್ಲು ಬಿದ್ದ ಹಾಗೆ ಬಿದ್ದೇಬಿಟ್ಟಿತು. ಆಮೇಲೆ ಚಿಕ್ಕ ಚಿಕ್ಕ ಎರಡು ರೆಕ್ಕೆ ಬಿಚ್ಚಿಕೊಂಡವು, ಹಿಂದೆ ಬೆಂಕಿ ಕಂಡಿತು, ನೆಟ್ಟಗಾಗಿ ಸಮುದ್ರದ ಮೇಲೆ ಹೊರಟುಹೋಯಿತು. ಗುರಿಗೆಂದು ನಿಲ್ಲಿಸಿದ್ದ ಹಳೆಯ ದೋಣಿಯಲ್ಲಿ ಜನ ಯಾರೂ ಇರಲಿಲ್ಲ ಎಂದರು. ಅಷ್ಟು ಕೇಳಿ ಉಸಿರು ಬಿಟ್ಟೆ. ಅದು ಅಕ್ಕನ ಕೊಕ್ಕೆಯೋ ಬೇರೆಯವರದೋ ನನಗೆ ಗೊತ್ತಿಲ್ಲ. ಆದರೂ ಫೋನು ಮಾಡಿದೆ.

"ಬಿತ್ತಾ?" ಅಂದರು ಅಕ್ಕ.

"ಬಿತ್ತಕ್ಕ."

"ಎಷ್ಟೊತ್ತು ಬಿತ್ತು?"

"ಒಂದು ಉಸಿರು ಒಳಕ್ಕೆಳ್ಕೊಳ್ಳೋ ಅಷ್ಟೊತ್ತು."

"ನಿನ್ನ ಉಸ್ರಾ, ನನ್ನ ಉಸ್ರಾ? ನಿಂದು ಗಿಡ್ಡ." ಆ ಕಡೆ ಕೋಳಿ ಕೂಗುವುದು ಕೇಳಿಸುತ್ತಿತ್ತು. ಆಮೇಲೆ, "ಅದ್ಸರಿ, ಗಂಟು ಬಿಚ್ಚಿದ್ಯಾ?" ಎಂದು ಕೇಳಿದರು.

ಅವರು ಅದನ್ನು ನೆನಪಿಟ್ಟುಕೊಂಡಿರುತ್ತಾರೆಂದು ನಾನು ಎಣಿಸಿರಲಿಲ್ಲ. "ಬಿಚ್ಚಿದೆ ಅಕ್ಕ, ಅವತ್ತೇ" ಅಂದೆ. ಯಾಕೆ ಹಾಗಂದೆನೋ... ಅವರು "ಒಳ್ಳೇದಾಯ್ತು ಬುಡು" ಅಂದರು. ಎಷ್ಟು ಹಗುರವಾಗಿ ಅಂದರೆಂದರೆ, ಇಷ್ಟು ವರ್ಷ ಆ ಗಂಟನ್ನು ಅವರೂ ಹೊತ್ತುಕೊಂಡಿದ್ದರೇನೋ ಎನಿಸಿತು. ದೇವರನ್ನು ಅಷ್ಟಾಗಿ ಹಚ್ಚಿಕೊಳ್ಳದ ಅವರು ಅದನ್ನೇಕೆ ಹೊತ್ತಿದ್ದರು, ಅದೂ ನನಗೆ ತಿಳಿಯದು. ಆಗಲೇ ಎದ್ದು ಹೋಗಿ ಬಿಚ್ಚಬಹುದಿತ್ತು. ಒಲೆಯ ಮೇಲೆ ಹಾಲಿತ್ತು. ಆಮೇಲೆ ಮರೆತೆ.

ಈ ಬೇಸಿಗೆಯಲ್ಲಿ ಅಕ್ಕ ಹೋದರು. ಮೂರು ದಿನದ ಜ್ವರ. ಸುದ್ದಿ ಬಂದದ್ದು ಎಲ್ಲ ಮುಗಿದ ಮೇಲೆ. ಹನ್ನೊಂದನೇ ದಿನಕ್ಕೆ ಹೋಗಿ ಬಂದೆ. ಆ ಮೈಕ್ರೋಮೀಟರನ್ನು ತಮ್ಮನ ಹೆಂಡತಿ ತಲೆದಿಂಬಿನ ಪಕ್ಕ ಹಾಗೇ ಇಟ್ಟಿದ್ದಳು. ಕಣ್ಣು ಕಾಣದಿದ್ದರೂ ದಿನಾ ತಿರುಗಿಸುತ್ತಿದ್ದರಂತೆ.

ಇಂದು ದೇವರ ಗೂಡಿನ ಮುಂದೆ ಕುಳಿತು, ಹರಕೆ ನಾಳೆ ಸಲ್ಲಿಸಿದರಾಯಿತೆಂದು, ಗಂಟು ಬಿಚ್ಚಲು ತೊಡಗಿದೆ. ಮುಡುಪಿನ ಗಂಟನ್ನು ಕತ್ತರಿಸಬಾರದು. ಉಗುರಿನಿಂದ ಆಗಲಿಲ್ಲ. ಬಾಚಣಿಗೆಯ ತುದಿ, ಕೊನೆಗೆ ಗುಂಡುಪಿನ್ನು. ಮೊದಲನೆಯದು ಬಿಟ್ಟಿತು, ಎರಡನೆಯದು ಬಿಟ್ಟಿತು. ಮೂರನೆಯದು ಎಣ್ಣೆ ಕುಡಿದು ಕಲ್ಲಾಗಿತ್ತು. ಅಷ್ಟು ಬಿಗಿಯಾಗಿ ಕಟ್ಟಿದ್ದವಳು ನಾನೇ. ಅದೂ ಬಿಟ್ಟಿತು. ಒಳಗೆ ಕಪ್ಪಾದ ನಾಣ್ಯ, ಮಡಿಕೆಯ ಒಳಭಾಗದಲ್ಲಿ ಇನ್ನೂ ಬಿಳಿಯಾಗೇ ಇದ್ದ ಬೆರಳಗಲದ ಬಟ್ಟೆ.

ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಎದುರು ಮನೆಯಲ್ಲಿ ಈಗ ಕಾರ್ಖಾನೆಗೆ ಹೋಗುವ ನಾಲ್ಕು ತಮಿಳು ಹುಡುಗಿಯರಿದ್ದಾರೆ. ಒಬ್ಬಳು ಅದೇ ಜಗುಲಿಯ ಮೇಲೆ ಕುಳಿತು ಬೂಟು ಹಾಕಿಕೊಳ್ಳುತ್ತಿದ್ದಳು. ನಾನು ನಿಂತು ನೋಡುತ್ತಲೇ ಇದ್ದದ್ದನ್ನು ಕಂಡು, "ಎನ್ನ ಆಂಟಿ?" ಅಂದಳು. ಏನಿಲ್ಲಮ್ಮ ಅಂದೆ.

ನಾಳೆ ಶನಿವಾರ. ಉದ್ದಿನಬೇಳೆ ನೆನೆಹಾಕಿದ್ದೇನೆ. ವಡೆಮಾಲೆ ಹಾಕುವಾಗ ಬಿಡಿಸಿ ಏನನ್ನೂ ಹೇಳುವುದಿಲ್ಲ. ಕೊಕ್ಕೆ ಕೆಲಸ ಕೊಕ್ಕೆ ಮಾಡಲಿ, ಅಷ್ಟೆ. ಮಿಕ್ಕದ್ದು ಅವನಿಗೆ ಬಿಟ್ಟದ್ದು.

ಮೂರು ಗಂಟು ಬಿಚ್ಚಲು ಎಷ್ಟು ಹೊತ್ತು ಹಿಡಿಯಿತೆಂದು ಅಕ್ಕ ಇದ್ದಿದ್ದರೆ ಕೇಳಿಯೇ ಕೇಳುತ್ತಿದ್ದರು. ಗಡಿಯಾರ ನೋಡಿಕೊಂಡಿರಲಿಲ್ಲ. ಕುಕ್ಕರು ನಾಲ್ಕು ಸಲ ಕೂಗಿತ್ತು ಅಕ್ಕ. ಅನ್ನ ಸ್ವಲ್ಪ ಮೆತ್ತಗಾಗಿದೆ.